ತಮ್ಮ ಕಳಿಸಿದ ದುಡ್ಡು ಬೋರಿಗೋ, ಮೇಲಿನ ಮನೆಗೋ? ಹೊರಗೆ ದುಡಿಯೋರ ದುಡ್ಡಿಂದ ಊರು ಮುಂದೆ ಬರುತ್ತಾ?

ಜಗಳೂರು ಸೀಮೆಯವ (ಚರ್ಚೆ ಶುರು ಮಾಡಿದವರು)

ನಮಸ್ಕಾರ ಎಲ್ಲರಿಗೂ. ನಮ್ಮದು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕು. ಖುಷ್ಕಿ ಹೊಲ, ಮೆಕ್ಕೆಜೋಳ, ಒಂದಿಷ್ಟು ಶೇಂಗಾ. ಮೊದಲು ಮಳೆ ಕೈಕೊಟ್ಟ ವರ್ಷ ಗುಳೆ ಹೋಗ್ತಿದ್ವಿ, ಈಗ ಮಳೆ ಬಂದ ವರ್ಷವೂ ಗುಳೆ ನಿಲ್ಲಲ್ಲ. ಓಣಿಯಲ್ಲಿ ಹೆಚ್ಚುಕಮ್ಮಿ ಮನೆಗೊಬ್ಬರು ಬೆಂಗಳೂರಲ್ಲಿದ್ದಾರೆ. ಪೀಣ್ಯದ ಫ್ಯಾಕ್ಟರಿ, ಗಾರೆ ಕೆಲಸ, ಸೆಕ್ಯೂರಿಟಿ, ಕ್ಯಾಬ್. ತಾಂಡಾದವರು ಕಾಫಿ ಸೀಮೆಗೆ ಹೋಗ್ತಾರೆ, ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯೋಕೆ.

ದುಡ್ಡು ಬರ್ತಿದೆ, ಅದರಲ್ಲಿ ಎರಡು ಮಾತಿಲ್ಲ. ಮಣ್ಣಿನ ಮನೆ ಹೋಗಿ ಆರ್‌ಸಿಸಿ ಬಂದಿವೆ, ಬಾಗಿಲಿಗೆ ಬೈಕ್ ಬಂದಿವೆ. ಆದರೆ ಊರಲ್ಲೇ ನಾಲ್ಕು ಜನಕ್ಕೆ ಕೆಲಸ ಕೊಡೋ ಹೊಸದೊಂದೂ ಹುಟ್ಟಿಲ್ಲ. ಹಿಟ್ಟಿನ ಗಿರಣಿ ಒಂದಿತ್ತು, ಈಗಲೂ ಅದೊಂದೇ.

ನಮ್ಮ ಮನೆ ಜಗಳ ಏನಂದ್ರೆ, ಪೀಣ್ಯದಲ್ಲಿರೋ ತಮ್ಮ ಕಳಿಸಿದ್ದರಲ್ಲಿ ಖರ್ಚು ಕಳೆದು ನಾಲ್ಕು ಲಕ್ಷ ಉಳಿದಿದೆ. ಅಪ್ಪ ಬೋರ್ ಹೊಡೆಸಿ ಅಡಿಕೆ ಹಾಕೋಣ ಅಂತಾರೆ. ಅವ್ವ ಮೇಲೊಂದು ಮನೆ ಕಟ್ಟಿಸ್ರಿ, ನಾಳೆ ಸೊಸೆ ಬರೋಳು ಅಂತಾಳೆ. ನನಗೆ ಜಗಳೂರಲ್ಲಿ ಒಂದು ಗೊಬ್ಬರದ ಅಂಗಡಿ ಇಡೋ ಆಸೆ. ತಿಳಿದವರು ಹೇಳ್ರಿ. ನಮ್ಮ ಮನೆ ವಿಷಯ ಬಿಟ್ಟು ಊರಿನ ವಿಷಯವನ್ನೂ ಹೇಳ್ರಿ.

ಬೆಣ್ಣೆ ದೋಸೆ ಭಕ್ತ

ಅಡಿಕೆ ಅಂದ್ರಾ? ಜಗಳೂರಲ್ಲಿ? 🙏

ಬ್ಯಾಂಕ್ ಮಿತ್ರ ಅಕ್ಕ, ಚಳ್ಳಕೆರೆ ಕಡೆ

ನಗಬೇಡ್ರಣ್ಣ, ನಮ್ಮ ಕಡೆನೂ ಹಾಕವ್ರೆ.

ನಾನು ಹಳ್ಳಿಯಲ್ಲಿ ಮೆಷಿನ್ ಇಟ್ಕೊಂಡು ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡೋ ಕೆಲಸ ಮಾಡ್ತೀನಿ. ತಿಂಗಳ ಮೊದಲ ವಾರ ಬಾಗಿಲು ತೆಗೆಯೋಕೆ ಮುಂಚೆ ಅಜ್ಜಿಯರು ಕೂತಿರ್ತಾರೆ. "ನನ್ನ ಮಗ ಹಾಕವ್ನಂತೆ, ನೋಡವ್ವ" ಅಂತ. ಆ ದುಡ್ಡು ಸಂಜೆ ಹೊತ್ತಿಗೆ ಎಲ್ಲಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲು ಸಂಘದ ಕಂತು. ವಾರದ ಕಂತಿನವರು ಎಂಟಕ್ಕೇ ಬಂದು ನಿಂತಿರ್ತಾರೆ. ಆಮೇಲೆ ಕಿರಾಣಿ ಬಾಕಿ, ಬಿಪಿ ಶುಗರ್ ಮಾತ್ರೆ, ಮೊಮ್ಮಕ್ಕಳ ಕಾನ್ವೆಂಟ್ ಫೀಸು, ವ್ಯಾನ್ ಬಾಡಿಗೆ. ಗೃಹಲಕ್ಷ್ಮಿ 2,000 ಬಂದ್ರೆ ಅದೂ ಇದರ ಜೊತೆ ಕೂಡ್ಕೊಂಡು ಹೋಗುತ್ತೆ.

ಹಂಗಂತ ಏನೂ ಆಗಿಲ್ಲ ಅನ್ನೋದು ತಪ್ಪು. ನಮ್ಮಪ್ಪನ ಕಾಲದಲ್ಲಿ ಶೇಂಗಾ ಬಿತ್ತೋಕೆ ಮಂಡಿ ಸಾಹುಕಾರರ ಹತ್ರ ಮುಂಗಡ ತಗೊಂಡು, ಕಿತ್ತ ದಿನವೇ ಅವರು ಹೇಳಿದ ರೇಟಿಗೆ ಅವರ ಮಂಡಿಗೇ ಹಾಕಬೇಕಿತ್ತು. ಈಗ ಮಗ ಹೊರಗಿರೋ ಮನೆಯವರು ಬೀಜಕ್ಕೆ, ಗೊಬ್ಬರಕ್ಕೆ ಸಾಹುಕಾರನ ಬಾಗಿಲಿಗೆ ಹೋಗಲ್ಲ. ಚೀಲ ಒಳಗಿಟ್ಟು ರೇಟ್ ಏರೋತನಕ ಕಾಯ್ತಾರೆ. ಅದು ಕಣ್ಣಿಗೆ ಕಾಣಲ್ಲ ಅಷ್ಟೆ. ಕಟ್ಟಡ ಕಂಡ್ರೆ ಮಾತ್ರ ಅಭಿವೃದ್ಧಿನಾ?

ಎಕನಾಮಿಕ್ಸ್ ಮೇಷ್ಟ್ರು, ದಾವಣಗೆರೆ

ಅಕ್ಕ ಹೇಳಿದ್ದನ್ನು ತರಗತಿಯಲ್ಲಿ ಪಾಠ ಮಾಡಬೇಕು. 1985ರಲ್ಲಿ ಸ್ಟಾರ್ಕ್ ಮತ್ತು ಬ್ಲೂಮ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ವಲಸೆಯನ್ನು ನೋಡುವ ಬಗೆಯನ್ನೇ ತಿರುಗಿಸಿದರು. ಅಲ್ಲಿಯವರೆಗೆ, ಕೂಲಿ ಹೆಚ್ಚು ಸಿಗುವ ಕಡೆ ಒಬ್ಬ ವ್ಯಕ್ತಿ ಹೋಗುತ್ತಾನೆ ಎಂಬುದಷ್ಟೇ ವಿವರಣೆ. ಇವರು ಹೇಳಿದ್ದು: ಹೋಗುವುದು ಒಬ್ಬನಾದರೂ ತೀರ್ಮಾನ ಇಡೀ ಮನೆಯದು. ಬೆಳೆ ವಿಮೆ ಇಲ್ಲ, ಬ್ಯಾಂಕ್ ಸಾಲ ಸಿಗುವುದಿಲ್ಲ, ಆಗ ಮನೆಯವರು ಒಬ್ಬ ಮಗನನ್ನು ಮಳೆಯ ಹಂಗಿಲ್ಲದ ಕೆಲಸಕ್ಕೆ ಕಳಿಸಿ ಅವನನ್ನೇ ವಿಮೆ ಮಾಡಿಕೊಳ್ಳುತ್ತಾರೆ. ಮಳೆ ಹೋದರೂ ಪೀಣ್ಯದ ಪಗಾರ ಹೋಗುವುದಿಲ್ಲ.

ಇನ್ನು ದೊಡ್ಡ ಅಂಕಿ. ವಿಶ್ವ ಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದದ್ದು ಸುಮಾರು 129 ಬಿಲಿಯನ್ ಡಾಲರ್, ಹತ್ತು ಲಕ್ಷ ಕೋಟಿ ರೂಪಾಯಿಗೂ ಮೇಲೆ. ಜಗತ್ತಿನಲ್ಲಿ ನಾವೇ ಮೊದಲು. ಆದರೂ ಅದು ನಮ್ಮ ಜಿಡಿಪಿಯ ಮೂರು ಚಿಲ್ಲರೆ ಶೇಕಡಾ. ನೇಪಾಳಕ್ಕೆ ಬರುವ ಹಣ ಅವರ ಜಿಡಿಪಿಯ ಕಾಲುಭಾಗದ ಆಸುಪಾಸು. ಹೊರದೇಶದಿಂದ ಬರುವ ಈ ಹಣದಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಎಂದು ನೋಡಿದ ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯಲ್ಲಿ ಮಹಾರಾಷ್ಟ್ರಕ್ಕೆ ಶೇ 20.5, ಕೇರಳಕ್ಕೆ ಶೇ 19.7, ಕರ್ನಾಟಕಕ್ಕೆ ಶೇ 7.7. ಆ 7.7ರಲ್ಲಿ ಬೆಂಗಳೂರು, ಕರಾವಳಿ ಬಿಟ್ಟು ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಬರುವುದು ಚೂರುಪಾರು ಎಂದೇ ನನ್ನ ಭಾವನೆ.

ಆದರೆ ಜಗಳೂರಿನವರ ತಮ್ಮ ಕಳಿಸುವ ದುಡ್ಡು ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ! ಗಡಿ ದಾಟಿದರೆ ಮಾತ್ರ ಅದು ಲೆಕ್ಕ. ಪೀಣ್ಯದಿಂದ ಜಗಳೂರಿಗೆ ಫೋನ್‌ಪೇ ಮಾಡಿದ್ದೂ ಪಕ್ಕದ ರೂಮಿನ ಗೆಳೆಯನಿಗೆ ಫೋನ್‌ಪೇ ಮಾಡಿದ್ದೂ ಸರ್ಕಾರಕ್ಕೆ ಒಂದೇ ಥರ ಕಾಣುತ್ತದೆ. 2011ರ ಜನಗಣತಿ ಪ್ರಕಾರ ದೇಶದೊಳಗಿನ ವಲಸಿಗರು 45 ಕೋಟಿಗೂ ಹೆಚ್ಚು. ಅದರಲ್ಲಿ ಅರ್ಧದ ಹತ್ತಿರ ಹತ್ತಿರ ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಕಾಫಿ ಸೀಮೆಗೆ ನಾಲ್ಕು ತಿಂಗಳು ಹೋಗಿ ಬರುವವರು ಅಂಥ ಗಣತಿಯಲ್ಲಿ ಸರಿಯಾಗಿ ಸಿಗುವುದೇ ಇಲ್ಲ.

ಅಡಿಕೆ ಗೊನೆ, ಚನ್ನಗಿರಿ

ಮೇಷ್ಟ್ರೇ, ಲೆಕ್ಕ ಒಳ್ಳೇದು. ಆದ್ರೆ ಜಗಳೂರು ಅಣ್ಣನ ಪ್ರಶ್ನೆಗೆ ಉತ್ತರ ನಮ್ಮ ತಾಲ್ಲೂಕಲ್ಲೇ ಐತೆ.

ನಮ್ಮ ಮಾವನ ಮಗ ಮೂರು ವರ್ಷ ಬೆಂಗಳೂರಲ್ಲಿ ದುಡಿದು ಬಂದ. ತಂದ ದುಡ್ಡಲ್ಲಿ ಅಡಿಕೆ ಸುಲಿಯೋ ಮೆಷಿನ್ ತಗೊಂಡ. ಸೀಜನ್ನಲ್ಲಿ ಊರೂರು ಸುತ್ತಿ ಬಾಡಿಗೆಗೆ ಸುಲೀತಾನೆ, ಅವನ ಹಿಂದೆ ಆರು ಜನಕ್ಕೆ ಕೆಲಸ. ಯಾಕೆ ನಡೀತು? ಭದ್ರಾ ನೀರು ಐತೆ, ತೋಟ ಐತೆ, ಮಾಲು ಹಾಕೋಕೆ ಸೊಸೈಟಿ ಐತೆ. ಅದೇ ದುಡ್ಡು ತಗೊಂಡು ಅವನು ಜಗಳೂರಿಗೆ ಹೋಗಿದ್ರೆ ಏನು ಸುಲೀತಿದ್ದ? ದುಡ್ಡು ಒಂದೇ, ಅದಕ್ಕೆ ಊರಲ್ಲಿ ಎದುರಾಗೋದು ಬೇರೆ.

ಬೋರ್ ವಿಷಯ ಮಾತ್ರ ಕೈ ಮುಗಿದು ಹೇಳ್ತೀನಿ ಅಣ್ಣ, ಬೇಡ.

ಜಗಳೂರು ಸೀಮೆಯವ

ಅಪ್ಪ ನೀರಿನ ಪಾಯಿಂಟ್ ಮಾಡೋರನ್ನ ಕರೆಸಿ ಆಯ್ತು. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತಂತೆ. 😑

ಬೆಣ್ಣೆ ದೋಸೆ ಭಕ್ತ

ನಮ್ಮ ಅಜ್ಜನ ಹೊಲದಲ್ಲೂ ನಿಂತಿತ್ತು. ಬಂದಿದ್ದು ಬರೀ ಧೂಳು.

ಹಿರಿಯೂರು ದಾಳಿಂಬೆ

ಬೋರ್ ಲೆಕ್ಕ ನಾನು ಹೇಳ್ತೀನಿ, ಅನುಭವಿಸಿದವನು. ಎಂಟುನೂರು ಅಡಿ ಇಳಿಸಿ, ಕೇಸಿಂಗ್, ಮೋಟರು, ಕೇಬಲ್ಲು, ಪೈಪು ಅಂತ ಹೋದ್ರೆ ಎರಡು ಮೂರು ಲಕ್ಷ ಕೈಬಿಡುತ್ತೆ. ಆ ದುಡ್ಡು ಎಲ್ಲಿಗೆ ಹೋಗುತ್ತೆ ನೋಡಿ. ರಿಗ್ ಲಾರಿ ತಮಿಳುನಾಡಿನ ತಿರುಚೆಂಗೋಡಿಂದು, ಮೇಲೆ ಕೆಲಸ ಮಾಡೋ ಹುಡುಗರು ಉತ್ತರದವರು, ಮೋಟರು ಕೊಯಮತ್ತೂರಿಂದು. ಬೆಂಗಳೂರಲ್ಲಿ ಹಗಲು ರಾತ್ರಿ ದುಡಿದ ದುಡ್ಡು ನಿಮ್ಮ ಹೊಲದಲ್ಲಿ ಒಂದು ರಾತ್ರಿ ತಂಗಿ ಬೆಳಿಗ್ಗೆ ಸೇಲಂ ರೋಡ್ ಹಿಡಿಯುತ್ತೆ. ನೀರು ಬಿದ್ರೂ ಪಕ್ಕದ ಹೊಲದವನು ಇನ್ನೂ ನೂರಡಿ ಕೆಳಗೆ ಇಳಿಸ್ತಾನೆ. ಅವನಿಗೂ ಮಗ ದುಡ್ಡು ಕಳಿಸಿರ್ತಾನಲ್ಲ!

ಮನೆ ಕಟ್ಟೋದೂ ಅಷ್ಟೇ. ಸಿಮೆಂಟು, ಕಬ್ಬಿಣ ಹೊರಗಿಂದು, ಟೈಲ್ಸ್ ಗುಜರಾತಿನ ಮೋರ್ಬಿದು. ಗಾರೆ ಕೂಲಿ, ಇಟ್ಟಿಗೆ, ಸೆಂಟ್ರಿಂಗ್ ಬಾಡಿಗೆ ಮಾತ್ರ ಊರಲ್ಲಿ ಉಳಿಯುತ್ತೆ. ಆದ್ರೂ ನಾನು ಬೋರಿಗಿಂತ ಮನೆನೇ ವಾಸಿ ಅಂತೀನಿ. ಮನೆ ಬತ್ತಲ್ಲ.

ಡಲ್ಲಾಸ್‌ನಲ್ಲಿ ದಾವಣಗೆರೆ

ನಾನು ಇಲ್ಲೇ ಓದಿ ಅಮೆರಿಕ ಸೇರಿದ ದಾವಣಗೆರೆಯವನು. ನಮ್ಮಂಥವರ ದುಡ್ಡಿನ ಕಥೆನೂ ಹೇಳ್ತೀನಿ. ನಾನು ಕಳಿಸಿದ್ದು ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿಗೆ ಸ್ವಲ್ಪ, ಉಳಿದಿದ್ದು ಸೈಟಿಗೆ. ನನ್ನ ಬ್ಯಾಚಿನ ಹೆಚ್ಚಿನವರದ್ದು ಇದೇ. ಊರ ಹೊರಗೆ ಲೇಔಟ್ ಮೇಲೆ ಲೇಔಟ್. ಸೈಟ್ ಖಾಲಿ ಬಿದ್ದಿದೆ, ಮುಳ್ಳು ಬೆಳೆದಿದೆ, ರೇಟು ಮಾತ್ರ ಏರ್ತಿದೆ. ಊರಲ್ಲೇ ಇರೋ ಮೇಷ್ಟ್ರು, ನರ್ಸು 30×40 ಅಡಿಯ ಒಂದು ಸೈಟ್ ತಗೊಳ್ಳೋಕೆ ಆಗ್ತಿಲ್ಲ. ಇದನ್ನ ಅಭಿವೃದ್ಧಿ ಅನ್ನೋಕೆ ನನಗೇ ನಾಚಿಕೆ.

ಇನ್ನೊಂದು. ನನ್ನನ್ನ ಓದಿಸೋಕೆ ಆದ ಖರ್ಚು ಈ ಊರಿಂದು, ತೆರಿಗೆ ಕಟ್ಟೋದು ಟೆಕ್ಸಾಸ್‌ನಲ್ಲಿ. ಕಳಿಸೋ ಡಾಲರ್ ಅದಕ್ಕೆ ಸಮನಾ ಅಂತ ಯಾರಾದ್ರೂ ಲೆಕ್ಕ ಹಾಕಿದ್ದಾರಾ ಮೇಷ್ಟ್ರೇ?

ಎಕನಾಮಿಕ್ಸ್ ಮೇಷ್ಟ್ರು, ದಾವಣಗೆರೆ

ಹಾಕಿದವರಿದ್ದಾರೆ, ಒಮ್ಮತ ಇಲ್ಲ. ಹಣದ ಬಗ್ಗೆ ಮಾತ್ರ ಕೆಲವು ಗಟ್ಟಿ ಸಂಗತಿಗಳಿವೆ. 2005ರಲ್ಲಿ ಆಡಮ್ಸ್ ಮತ್ತು ಪೇಜ್ 71 ಅಭಿವೃದ್ಧಿಶೀಲ ದೇಶಗಳ ಅಂಕಿ ಇಟ್ಟು ನೋಡಿದರು. ಹೊರದೇಶದಿಂದ ಬರುವ ತಲಾ ಹಣ ಶೇ 10 ಹೆಚ್ಚಿದರೆ ಬಡವರ ಪಾಲು ಸುಮಾರು ಶೇ 3.5ರಷ್ಟು ಇಳಿಯುತ್ತದೆ ಎಂದು ಕಂಡಿತು. ಫಿಲಿಪ್ಪೀನ್ಸ್‌ನದು ಇನ್ನೂ ಚೆಂದದ ಅಧ್ಯಯನ. 1997ರಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟಿನಿಂದ ಅಲ್ಲಿಯ ಪೆಸೊ ಕುಸಿಯಿತು. ಅರಬ್ ದೇಶದಲ್ಲೋ ಅಮೆರಿಕದಲ್ಲೋ ದುಡಿಯುವವರು ಕಳಿಸಿದ ಹಣ ಮನೆಯಲ್ಲಿ ಇದ್ದಕ್ಕಿದ್ದಂತೆ ಹೆಚ್ಚು ಪೆಸೊ ಆಯಿತು. ಆ ಮನೆಗಳು ಏನು ಮಾಡಿದವು ಎಂದು ಡೀನ್ ಯಾಂಗ್ ನೋಡಿದರು. ಊಟ, ಬಟ್ಟೆಯ ಖರ್ಚು ಅಷ್ಟೇನೂ ಏರಲಿಲ್ಲ, ಮಕ್ಕಳು ಹೆಚ್ಚು ದಿನ ಶಾಲೆಯಲ್ಲಿ ಉಳಿದರು, ಬಂಡವಾಳ ಬೇಡುವ ಸಣ್ಣ ಕಸುಬುಗಳು ಶುರುವಾದವು. "ಬಡವರ ಕೈಗೆ ದುಡ್ಡು ಬಂದರೆ ತಿಂದು ಮುಗಿಸುತ್ತಾರೆ" ಎನ್ನುವವರಿಗೆ ಇದನ್ನು ತೋರಿಸಬಹುದು.

ಕೇರಳ ಇನ್ನೊಂದು ಮುಖ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದವರು 1998ರಿಂದ ವಲಸೆ ಸಮೀಕ್ಷೆ ಶುರು ಮಾಡಿದರು. 2023ರ ಸಮೀಕ್ಷೆಯಲ್ಲಿ ವರ್ಷಕ್ಕೆ ಬರುವ ಹಣ 2 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಬಡತನ ಇಳಿಯಿತು, ಮನೆ, ಶಾಲೆ, ಆಸ್ಪತ್ರೆ ಬಂದವು, ಕಾರ್ಖಾನೆ ಅಷ್ಟಾಗಿ ಬರಲಿಲ್ಲ. ಈಗ ಅಲ್ಲಿ ಗಾರೆ ಕೆಲಸಕ್ಕೆ ಬಂಗಾಳ, ಅಸ್ಸಾಮಿನವರು.

ಮಂಡಕ್ಕಿ ಮೆಣಸಿನಕಾಯಿ

ಕೇರಳಕ್ಕೆ ಯಾಕೆ ಹೋಗ್ತೀರಿ ಸಾರ್, ದಾವಣಗೆರೆ ನೋಡ್ರಿ. ನಮ್ಮಜ್ಜ ಕಾಟನ್ ಮಿಲ್‌ನಲ್ಲಿದ್ದೋರು. ಆಗ ಜಗಳೂರು, ಹರಪನಹಳ್ಳಿ, ಹರಿಹರ ಎಲ್ಲಾ ಕಡೆಯಿಂದ ಜನ ಇಲ್ಲಿಗೇ ಬರ್ತಿದ್ರು. ಶನಿವಾರ ಪಗಾರ, ಭಾನುವಾರ ಬಸ್ಸು ತುಂಬ ಊರಿಗೆ ಹೋಗೋರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಮಿಲ್ ಮುಚ್ಚಿದ್ವು, ಅದೇ ಬಸ್ಸು ಇನ್ನೂರೈವತ್ತು ಕಿಲೋಮೀಟರ್ ಮುಂದಕ್ಕೆ ಬೆಂಗಳೂರಿಗೆ ಹೋಯ್ತು ಅಷ್ಟೇ. ದುಡಿಯೋಕೆ ಹೋಗೋದು ಹೊಸದೇನಲ್ಲ. ಮೊದಲು ವಾರಕ್ಕೊಮ್ಮೆ ಮನೆ ಮುಖ ನೋಡ್ತಿದ್ರು, ಈಗ ಯುಗಾದಿಗೆ, ದುರ್ಗಮ್ಮನ ಜಾತ್ರೆಗೆ.

ತಮಾಷೆ ಏನಂದ್ರೆ ಇವತ್ತು ದಾವಣಗೆರೆ ಹೋಟೆಲ್‌ನಲ್ಲಿ ತಟ್ಟೆ ತೊಳೆಯೋನು, ರೈಸ್ ಮಿಲ್‌ನಲ್ಲಿ ಮೂಟೆ ಹೊರೋನು ಬಿಹಾರದವನು. ಅವನು ಇಲ್ಲಿಂದ ದರ್ಭಂಗಾಕ್ಕೆ ಕಳಿಸ್ತಾನೆ, ನಮ್ಮವರು ಬೆಂಗಳೂರಿಂದ ಇಲ್ಲಿಗೆ ಕಳಿಸ್ತಾರೆ.

ಹಳೇ ಬಸ್ ಪಾಸ್

ಹಂಗಾದ್ರೆ ನಮ್ಮ ಹುಡುಗರು ಇಲ್ಲೇ ರೈಸ್ ಮಿಲ್‌ಗೆ ಹೋಗಬಹುದಲ್ಲ? ಸೋಮಾರಿತನ ಅಷ್ಟೇ.

ಬ್ಯಾಂಕ್ ಮಿತ್ರ ಅಕ್ಕ, ಚಳ್ಳಕೆರೆ ಕಡೆ

ನೀವು ಒಂದು ವಾರ ಮೂಟೆ ಹೊತ್ತು ಆಮೇಲೆ ಬರೀರಿ ಅಣ್ಣ.

ತಾಂಡಾ ಟೀಚರ್

ಇಷ್ಟೊತ್ತು ಓದ್ತಿದ್ದೆ. ಎಲ್ಲರೂ ಮಗ ಹೋಗಿ ದುಡ್ಡು ಕಳಿಸೋದನ್ನೇ ಹೇಳ್ತಿದ್ದೀರಿ. ನಮ್ಮ ತಾಂಡಾದಲ್ಲಿ ದುಡ್ಡು ಕಳಿಸೋದು ಅಂತ ಇಲ್ಲ, ಯಾಕಂದ್ರೆ ಮನೆಗೆ ಮನೆನೇ ಹೋಗುತ್ತೆ. ದೀಪಾವಳಿ ಆದ ಮೇಲೆ ಮೇಸ್ತ್ರಿ ಜೀಪು ತರ್ತಾನೆ. ಮುಂಗಡ ಮೊದಲೇ ಕೊಟ್ಟಿರ್ತಾನೆ, ಮಗಳ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತೆ. ಕಾಫಿ ಕೊಯ್ಲು ಕೆಜಿ ಲೆಕ್ಕ. ಫೆಬ್ರವರಿ ಮುಗಿಯೋತನಕ ತೀರಿಸ್ತಾರೆ. ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಅಂತ ಬಂದವರಲ್ಲಿ ಕೆಲವರು ಮತ್ತೆ ವಾಪಸ್ಸು. ಕೈಯಲ್ಲಿ ಉಳಿದಿದ್ದು ಮಳೆಗಾಲಕ್ಕೆ ಸಾಲೋದಿಲ್ಲ, ಮತ್ತೆ ಮುಂಗಡ.

ನನ್ನ ಕ್ಲಾಸಲ್ಲಿ ನವೆಂಬರ್‌ನಲ್ಲಿ ಬೆಂಚು ಖಾಲಿ ಆಗುತ್ತೆ. ಹಾಸ್ಟೆಲ್‌ನಲ್ಲಿ ಬಿಟ್ಟು ಹೋದ ಮಕ್ಕಳು ಉಳೀತಾರೆ, ಜೊತೆಗೆ ಹೋದವರು ಮಾರ್ಚಿಗೆ ಬಂದು ಕಾಗುಣಿತ ಮರೆತಿರ್ತಾರೆ. ಫಿಲಿಪ್ಪೀನ್ಸ್ ಮಕ್ಕಳು ಶಾಲೆಯಲ್ಲಿ ಉಳಿದ್ರು ಅಂದ್ರಲ್ಲ ಸರ್, ಅಲ್ಲಿ ಅಪ್ಪನೋ ಅಮ್ಮನೋ ಒಬ್ಬರು ಹೋಗಿದ್ದು. ಇಲ್ಲಿ ಮಗೂನೇ ಹೋಗುತ್ತೆ. ಎರಡನ್ನೂ ವಲಸೆ ಅಂತ ಒಂದೇ ಕಂತೆ ಕಟ್ಟಬೇಡಿ.

ಎಕನಾಮಿಕ್ಸ್ ಮೇಷ್ಟ್ರು, ದಾವಣಗೆರೆ

ಒಪ್ಪಿದೆ ಮೇಡಂ, ಆ ವ್ಯತ್ಯಾಸ ದೊಡ್ಡದು. ಮುಂಗಡ ಪಡೆದು ಹೋಗುವವರು ದುಡಿಯುವ ಮೊದಲೇ ಖರ್ಚು ಮಾಡಿರುತ್ತಾರೆ. ಬಾಂಗ್ಲಾದೇಶದ ರಂಗಪುರ ಕಡೆ ನಾಟಿಗೂ ಕೊಯ್ಲಿಗೂ ನಡುವೆ ಕೂಲಿ ಸಿಗದ ತಿಂಗಳುಗಳಿಗೆ ಮೊಂಗಾ ಎನ್ನುತ್ತಾರೆ. 2008ರಲ್ಲಿ ಸಂಶೋಧಕರು ಅಲ್ಲಿನ ಮನೆಗಳಿಗೆ ಬಸ್ ಚಾರ್ಜಿಗೆಂದು ಸುಮಾರು ಎಂಟೂವರೆ ಡಾಲರ್ ಕೊಟ್ಟರು. ಮೇಸ್ತ್ರಿ ಇಲ್ಲ, ಮುಂಗಡದ ಹಂಗಿಲ್ಲ. ಶೇ 22ರಷ್ಟು ಮನೆಗಳು ಹೆಚ್ಚುವರಿಯಾಗಿ ಒಬ್ಬರನ್ನು ಕಳಿಸಿದವು, ಮನೆಯಲ್ಲಿ ಊಟ ಹೆಚ್ಚಿತು, ಮುಂದಿನ ವರ್ಷ ದುಡ್ಡು ಕೊಡದಿದ್ದರೂ ಹಲವರು ತಾವೇ ಹೋದರು. ಅದನ್ನೇ ದೊಡ್ಡದಾಗಿ ಮಾಡಲು ಹೊರಟಾಗ ಅಷ್ಟು ಫಲ ಕಾಣಲಿಲ್ಲ, ಅದು ಬೇರೆ ಮಾತು. ಹೋಗುವುದು ಕೆಟ್ಟದ್ದಲ್ಲ. ಯಾರ ಹಿಡಿತದಲ್ಲಿ ಹೋಗುತ್ತಾರೆ ಎಂಬುದನ್ನು ಕೇಳಬೇಕು.

ಅಡಿಕೆ ಗೊನೆ, ಚನ್ನಗಿರಿ

ಸಾಲ ಮಾಡಿ ಹೋಗೋದು ಅಂದ್ರೆ ನಮ್ಮ ತಾಲ್ಲೂಕಿನ ಹಕ್ಕಿಪಿಕ್ಕಿ ಜನ ನೆನಪಾಗ್ತಾರೆ. ಗಿಡಮೂಲಿಕೆ, ಕೂದಲೆಣ್ಣೆ ಹೊತ್ಕೊಂಡು ಆಫ್ರಿಕಾ ದೇಶಗಳಿಗೆ ಹೋಗಿ ಮಾರ್ತಾರೆ. ಓದು ಕಮ್ಮಿ, ಧೈರ್ಯ ನೋಡ್ರಿ! 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಶಿವಮೊಗ್ಗ, ಹುಣಸೂರು ಕಡೆಯವರ ಜೊತೆ ನಮ್ಮ ಕಡೆಯವರೂ ಸಿಕ್ಕಿಹಾಕ್ಕೊಂಡ್ರು. ಸರ್ಕಾರ ವಾಪಸ್ ಕರೆತಂದ ಆಪರೇಷನ್ ಕಾವೇರಿಯಲ್ಲಿ ಜೀವ ಉಳಿಸ್ಕೊಂಡು ಬಂದ್ರು, ಸರಕು ಅಲ್ಲೇ ಹೋಯ್ತು. ಬಡ್ಡಿಗೆ ತಂದ ಸಾಲ ಮಾತ್ರ ಊರಲ್ಲಿ ಕಾಯ್ತಿತ್ತು.

ಹಟ್ಟಿ ತಿಪ್ಪೇಶನ ಭಕ್ತ

ಒಂದು ಮಾತು ಯಾರೂ ಎತ್ತಿಲ್ಲ. ಮನೆ ಮನೆಗೆ ಬಂದ ದುಡ್ಡು ಮನೆಯಲ್ಲೇ ಕರಗುತ್ತೆ ನಿಜ. ಆದರೆ ದೇವಸ್ಥಾನಕ್ಕೆ ಅಂದ್ರೆ? ನಮ್ಮೂರಲ್ಲಿ ಗೋಪುರ ಎತ್ತೋಕೆ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ದಕ್ಕೆ ಬೆಂಗಳೂರಿನ ಹುಡುಗರೆಲ್ಲ ವಂತಿಗೆ ಹಾಕಿದ್ರು. ಕೆರೆ ಹೂಳು ತೆಗೆಸೋಣ ಅಂತ ಅದೇ ಗ್ರೂಪಲ್ಲಿ ಕೇಳಿದೆ, ಎಲ್ಲರೂ ಕೈ ಮುಗಿಯೋ ಚಿತ್ರ ಹಾಕಿ ಸುಮ್ಮನಾದ್ರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ "ಮಾಡಿದಷ್ಟು ನೀಡು ಭಿಕ್ಷೆ" ಅಂದವರು. ಅವರು ಕಟ್ಟಿಸಿದ್ದು ಕೆರೆಗಳನ್ನ!

ಮೆಕ್ಸಿಕೊದಲ್ಲಿ ಒಂದು ಯೋಜನೆ ಇತ್ತಂತೆ. ಅಮೆರಿಕದಲ್ಲಿ ದುಡಿಯೋ ಊರಿನವರು ಸಂಘ ಕಟ್ಟಿ ಒಂದು ಪೆಸೊ ಕೊಟ್ರೆ ಕೇಂದ್ರ ಸರ್ಕಾರ, ರಾಜ್ಯ, ಊರಿನ ಆಡಳಿತ ಒಂದೊಂದು ಪೆಸೊ ಸೇರಿಸ್ತಿದ್ವು. ರಸ್ತೆ, ನೀರು, ಶಾಲೆ ಮಾಡ್ಕೊಂಡ್ರು. ನಮ್ಮ ಪಂಚಾಯ್ತಿಯಲ್ಲಿ ಇಂಥದ್ದು ಯಾಕೆ ಆಗಬಾರದು?

ಹಿರಿಯೂರು ದಾಳಿಂಬೆ

ಆಗಬಾರದು ಅಂತಲ್ಲ ಗುರುವೇ, ಪಂಚಾಯ್ತಿ ಕೈಗೆ ಕೊಟ್ರೆ ಬಿಲ್ ಮಾತ್ರ ಆಗುತ್ತೆ ಅಂತ ಹುಡುಗರಿಗೆ ಗೊತ್ತು. ಗೋಪುರ ಆದ್ರೆ ಊರಿಗೆ ಬಂದಾಗ ಕತ್ತೆತ್ತಿ ನೋಡಬಹುದು.

ನೀರಿನ ವಿಷಯದಲ್ಲಿ ಊರಿನ ವಂತಿಗೆಯಿಂದ ಆಗೋದಕ್ಕೂ ಮಿತಿ ಇದೆ. ನಮ್ಮ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. ಆಮೇಲೆ ನಮ್ಮ ಕಡೆ ಬೆಂಗಳೂರಿಂದ ವಾಪಸ್ ಬಂದು ತೋಟ ಮಾಡಿದ ಹುಡುಗರನ್ನ ನಾನೇ ಕಂಡಿದ್ದೀನಿ. ಮೊದಲು ದುಡ್ಡು ಇರಲಿಲ್ಲ ಅಂತಲ್ಲ, ಇತ್ತು, ಎಲ್ಲಿ ಹಾಕೋದು ಗೊತ್ತಿರಲಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಓದಿದ್ರಲ್ಲ, ಅದರ ದಾರಿ ಕಾಯ್ತಾ ಕೂತಿದ್ದೀವಿ. ಜಗಳೂರಿಗೂ 57 ಕೆರೆ ತುಂಬಿಸೋ ಯೋಜನೆ ನೀರು ಬಂತಲ್ಲ, ನಿಮ್ಮ ಹೊಲ ಆ ಕೆರೆಗಳ ಹತ್ರ ಇದೆಯಾ?

ಜಗಳೂರು ಸೀಮೆಯವ

ಇಲ್ಲ, ನಮ್ಮದು ದಿಬ್ಬದ ಮೇಲೆ. ಕೆರೆ ಕೆಳಗಿನವರ ಬೋರ್‌ನಲ್ಲಿ ನೀರು ಮೇಲೆ ಬಂದಿದೆ ಅಂತಾರೆ, ಅಪ್ಪನಿಗೆ ಅದೇ ಆಸೆ.

ಒಂದು ವಿಷಯ. ಈ ಲಿಂಕ್ ತಮ್ಮನಿಗೂ ಕಳಿಸಿದ್ದೆ. ಏನೋ ಬರೀತೀನಿ ಅಂದ.

ಪೀಣ್ಯ ಸೆಕೆಂಡ್ ಶಿಫ್ಟ್

ನಾನೇ ಆ ತಮ್ಮ. ಅಣ್ಣ ಬೇಜಾರು ಮಾಡ್ಕೋಬೇಡ.

ನಾಲ್ಕು ಲಕ್ಷ "ಉಳಿದಿದೆ" ಅಂತ ಬರೆದಿದ್ದೀಯ. ಅದು ಹೆಂಗೆ ಉಳೀತು ಗೊತ್ತಾ? ನಾಲ್ಕು ಜನ ಒಂದೇ ರೂಮು, ಶಿಫ್ಟ್ ಬೇರೆ ಬೇರೆ ಇರೋದ್ರಿಂದ ಎರಡು ಹಾಸಿಗೆ ಸಾಕು. ರೇಷನ್ ಕಾರ್ಡ್ ಊರಲ್ಲಿ, ಅಕ್ಕಿ ಇಲ್ಲಿ ದುಡ್ಡು ಕೊಟ್ಟು ತಗೋಬೇಕು. ವೋಟೂ ಊರಲ್ಲೇ, ಹಂಗಾಗಿ ಇಲ್ಲಿಯ ರಾಜಕಾರಣಿಗಳಿಗೆ ನಾವು ಲೆಕ್ಕಕ್ಕಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದಾಗ ಎರಡು ತಿಂಗಳು ಕೂತು ಉಂಡೆ, ನೀವು ಯಾರೂ ಒಂದು ಮಾತು ಅನ್ನಲಿಲ್ಲ, ಅದನ್ನ ಮರೆತಿಲ್ಲ. ಊರು ನನಗೂ ವಿಮೆನೇ ಮೇಷ್ಟ್ರೇ, ಬರೀ ನಾನು ಊರಿಗಲ್ಲ.

ಆದ್ರೆ ಬೋರು, ಮನೆ, ಅಂಗಡಿ ಅಂತ ಮೂರು ಜನ ಮೂರು ಹೇಳಿದ್ರಿ, ನನ್ನನ್ನ ಕೇಳಲಿಲ್ಲ. ಮದುವೆ ಆದ್ರೆ ಹೆಂಡ್ತಿನ ಎಲ್ಲಿ ಇಡಲಿ? ಊರಲ್ಲಿ ಮೇಲಿನ ಮನೆ ಕಟ್ಟಿ ಅವಳು ಅಲ್ಲಿ, ನಾನಿಲ್ಲಿ ರೂಮಲ್ಲಿ? ದಾಸರಹಳ್ಳಿ ಕಡೆ ಭೋಗ್ಯಕ್ಕೆ ಒಂದು ಚಿಕ್ಕ ಮನೆ ಹಿಡಿಯೋಕೆ ಅದೇ ದುಡ್ಡು ಬೇಕು. ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ ಮೆಷಿನ್) ಪ್ರೋಗ್ರಾಮಿಂಗ್ ಕೋರ್ಸ್ ಮಾಡಿದ್ರೆ ಪಗಾರ ಏರುತ್ತೆ ಅಂತ ಸೂಪರ್‌ವೈಸರ್ ಹೇಳ್ತಾರೆ, ಅದಕ್ಕೂ ದುಡ್ಡು ಬೇಕು. ಊರಿಗೆ ಹಾಕಿದ್ರೆ ಮಾತ್ರ ಒಳ್ಳೇ ಮಗ, ಇಲ್ಲಿ ಇಟ್ಕೊಂಡ್ರೆ ಸ್ವಾರ್ಥಿನಾ?

ಡಲ್ಲಾಸ್‌ನಲ್ಲಿ ದಾವಣಗೆರೆ

ತಮ್ಮಾ, ಆ ಕೋರ್ಸ್ ಮೊದಲು ಮಾಡು.

ತಾಂಡಾ ಟೀಚರ್

ಹೌದು. ಬೋರು, ಮನೆ, ಅಂಗಡಿ, ತಮ್ಮ, ಈ ನಾಲ್ಕರಲ್ಲಿ ತಮ್ಮನ ಮೇಲೆ ಹಾಕೋದೇ ಗಟ್ಟಿ ಅಂತ ನನಗೂ ಅನಿಸ್ತು.

ಬ್ಯಾಂಕ್ ಮಿತ್ರ ಅಕ್ಕ, ಚಳ್ಳಕೆರೆ ಕಡೆ

ರೇಷನ್ ಕಾರ್ಡಿಗೆ ಆಧಾರ್ ಜೋಡಿಸಿದ್ರೆ ಬೇರೆ ಊರಿನ ಸೊಸೈಟಿಯಲ್ಲೂ ಹೆಬ್ಬೆಟ್ಟು ಕೊಟ್ಟು ಅಕ್ಕಿ ತಗೋಬಹುದು ತಮ್ಮ, ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲಿ ಕೇಳು. ಆದ್ರೆ ಆ ತಿಂಗಳದ್ದು ಪೂರ್ತಿ ಅವ್ವ ಊರಲ್ಲಿ ತಗೊಂಡಿದ್ರೆ ನಿನಗೆ ಸಿಗಲ್ಲ, ಇಬ್ಬರೂ ಮಾತಾಡ್ಕೊಳ್ಳಿ. ಪಿಎಫ್ ಕಟ್ ಆಗ್ತಿದ್ರೆ ನಂಬರ್ ಬರೆದಿಟ್ಕೋ. ಫ್ಯಾಕ್ಟರಿ ಬದಲಾದಾಗ ಹಳೇದು ಬಿಟ್ಟು ಬರೋ ಹುಡುಗರು ಬಹಳ ಜನ.

ಜಗಳೂರು ಸೀಮೆಯವ

ತಮ್ಮನ ಜೊತೆ ರಾತ್ರಿ ಫೋನಲ್ಲಿ ಮಾತಾಡಿದೆ. ಕೋರ್ಸಿಗೆ, ಮನೆ ಭೋಗ್ಯಕ್ಕೆ ಅವನ ದುಡ್ಡು ಅವನೇ ಇಟ್ಕೊಳ್ಳಲಿ ಅಂತ ಅವ್ವ ಒಪ್ಪಿದಳು. ಅಪ್ಪ ಇನ್ನೂ ಮುನಿಸ್ಕೊಂಡಿದ್ದಾರೆ. ಬೋರ್ ಬದಲು ಹೊಲದಲ್ಲಿ ಕೃಷಿ ಹೊಂಡ ಮಾಡೋಣ, ಐವತ್ತು ಸಾವಿರದಷ್ಟು ಸಾಕು ಅಂದೆ. ಕೃಷಿ ಭಾಗ್ಯದಲ್ಲಿ ಸಬ್ಸಿಡಿ ಸಿಗುತ್ತಲ್ಲ, ದಿಬ್ಬದ ಹೊಲಕ್ಕೆ ಎಲ್ಲಿ ತೆಗೆಸಬೇಕು? ಮೇಲಾ, ಕೆಳಗಾ?

ಹಿರಿಯೂರು ದಾಳಿಂಬೆ

ಹರಿಯೋ ನೀರು ಬಂದು ಸೇರೋ ತಗ್ಗಿನ ಮೂಲೆಯಲ್ಲೇ ತೆಗೆಸಿ, ದಿಬ್ಬದ ಮೇಲೆ ತೆಗೆಸಿದ್ರೆ ತುಂಬೋದೇ ಇಲ್ಲ. ನೀರು ಒಳಗೆ ಬರೋ ಕಡೆ ಮುಂಚೆ ಒಂದು ಸಣ್ಣ ಗುಂಡಿ ಇರಲಿ, ಹೂಳು ಅಲ್ಲೇ ನಿಲ್ಲುತ್ತೆ. ಕೆಳಗೆ ಪಾಲಿಥೀನ್ ಹಾಸದೆ ಬಿಡಬೇಡಿ, ಸುತ್ತ ತಂತಿ ಬೇಲಿ ಕಡ್ಡಾಯ ಹಾಕಿಸಿ, ಮಕ್ಕಳು, ದನ ಓಡಾಡ್ತಾವೆ. ಪಹಣಿ, ಆಧಾರ್, ಪಾಸ್‌ಬುಕ್ ಹಿಡ್ಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಇಲಾಖೆಯವರು ಬಂದು ಗುರುತು ಹಾಕೋಕೆ ಮೊದಲು ಜೆಸಿಬಿ ಕರೆಸಬೇಡಿ, ಬಿಲ್ ಆಗಲ್ಲ.